ಖರ್ಚಿನ ಪಟ್ಟಿಯಲ್ಲಿ ಇಲ್ಲದ ಕೂಲಿ

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುವ ಅಕ್ಕ ಒಬ್ಬರು 2025ರ ಜೂನ್‌ನಲ್ಲಿ ನನ್ನ ಹತ್ತಿರ ಬಂದಿದ್ದರು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಬೇಕಿತ್ತು. ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆದು ಕೊಡುವುದು ನನ್ನ ಕಸುಬು. ತಿಂಗಳಿಗೆ ಖರ್ಚು ಎಷ್ಟು ಬರುತ್ತದೆ ಅಂತ ಕೇಳಿದೆ. ಕೈಚೀಲದಿಂದ ಮಗಳ ಹಳೆಯ ನೋಟುಬುಕ್ ತೆಗೆದರು. ಮೊದಲ ಹತ್ತು ಪುಟ ಏಳನೇ ಇಯತ್ತೆಯ ಗಣಿತ, ಅದರ ಮುಂದೆ ರೊಟ್ಟಿ ಲೆಕ್ಕ. ಜೋಳಕ್ಕೆ ಇಷ್ಟು, ಗಿರಣಿಗೆ ಇಷ್ಟು, ಗ್ಯಾಸಿಗೆ ಇಷ್ಟು, ಪ್ಲಾಸ್ಟಿಕ್ ಚೀಲಕ್ಕೆ ಇಷ್ಟು, ಆಟೋಕ್ಕೆ ಇಷ್ಟು. ಒಡೆದ ರೊಟ್ಟಿಗೂ ಒಂದು ಸಾಲು ಮೀಸಲಿತ್ತು. ಇಷ್ಟು ಚೊಕ್ಕ ಲೆಕ್ಕವನ್ನು ಕೊಪ್ಪೀಕರ ರಸ್ತೆಯ ಎಷ್ಟೋ ಅಂಗಡಿಯವರೂ ಇಡುವುದಿಲ್ಲ.

"ಅಕ್ಕಾರ, ಎಲ್ಲಾ ಬರದೀರಿ. ನಿಮ್ಮ ಕೂಲಿ ಎಲ್ಲೈತ್ರಿ?"

"ನನ್ನ ಕೂಲಿ ಏನ್ ಬರೀತೀರಿ ಅಣ್ಣಾರ. ಮನ್ಯಾಗ ಇರ್ತೀನಲ್ಲ."

ಮಾರ್ಚ್ 8 ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಸಭಾಭವನಗಳಲ್ಲಿ ಮಹಿಳಾ ಉದ್ಯಮಿಗಳ ಸನ್ಮಾನ ನಡೆಯುತ್ತದೆ. ಶಾಲು, ಫಲಕ, ಭಾಷಣ. ಭಾಷಣದಲ್ಲಿ ತಪ್ಪದೆ ಬರುವ ಮಾತು: ಮಹಿಳೆಯರು ಧೈರ್ಯ ಮಾಡಬೇಕು, ಮನೆಯಿಂದ ಹೊರಗೆ ಬರಬೇಕು. ಬೆಳಗಿನ ನಾಲ್ಕಕ್ಕೆ ಎದ್ದು ಎಸರಿಟ್ಟು ನೂರೈವತ್ತು ರೊಟ್ಟಿ ಬಡಿದು, ಮಕ್ಕಳಿಗೆ ಡಬ್ಬಿ ಕಟ್ಟಿ, ಬುಟ್ಟಿ ಹೊತ್ತು ಬಸ್ಸು ಹತ್ತುವವರಿಗೆ ಇನ್ನೂ ಎಷ್ಟು ಧೈರ್ಯ ಬೇಕೋ ನನಗೆ ತಿಳಿಯದು. ಅದೇ ಭಾಷಣಗಳಲ್ಲಿ ಸುಧಾ ಮೂರ್ತಿಯವರ 10,000 ರೂಪಾಯಿಯ ಕತೆಯೂ ಬರುತ್ತದೆ. ನಮ್ಮದೇ ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದವರು. 1981ರಲ್ಲಿ ಇನ್ಫೋಸಿಸ್ ಶುರುವಾದಾಗ ಗಂಡನ ಕೈಗೆ ತಮ್ಮ ಉಳಿತಾಯದ ಹಣ ಕೊಟ್ಟವರು. ಕತೆ ಹೇಳುವವರು ಒಂದು ಸಂಗತಿಯನ್ನು ದಾಟಿ ಹೋಗುತ್ತಾರೆ. ಅವರು ಟೆಲ್ಕೊದಲ್ಲಿ (ಈಗಿನ ಟಾಟಾ ಮೋಟರ್ಸ್) ಎಂಜಿನಿಯರ್ ಆಗಿ ದುಡಿದವರು, ಆ ಹತ್ತು ಸಾವಿರ ಸಂಬಳದಲ್ಲಿ ಉಳಿಸಿದ್ದು. ಅಂದರೆ ಅವರ ದುಡಿಮೆಗೆ ಮೊದಲು ಯಾರೋ ಬೆಲೆ ಕಟ್ಟಿದ್ದರು, ಅದು ಪ್ರತಿ ತಿಂಗಳು ಕೈಗೆ ಬರುತ್ತಿತ್ತು. ನಮ್ಮ ರೊಟ್ಟಿ ಅಕ್ಕನ ನೋಟುಬುಕ್ಕಿನಲ್ಲಿ ಇಲ್ಲದ್ದು ಅದೊಂದೇ ಸಾಲು.

ಇದು ಒಬ್ಬರ ಮನೆಯ ಮಾತಲ್ಲ ಎನ್ನುವುದು ದೇಶದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಉದ್ಯಮ್ ನೋಂದಣಿ 2020ರ ಜುಲೈಯಲ್ಲಿ ಶುರುವಾಯಿತು. ಕೇಂದ್ರದ ಕಿರು, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಸಚಿವಾಲಯ 2024ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಅದರಲ್ಲಿ ನೋಂದಾಯಿಸಿದ ಉದ್ಯಮಗಳ ಪೈಕಿ ಮಹಿಳೆಯರ ಒಡೆತನದವು ಶೇ 20.5. ಉದ್ಯೋಗದಲ್ಲಿ ಅವುಗಳ ಪಾಲು ಶೇ 18.73. ಬಂಡವಾಳ ಹೂಡಿಕೆಯಲ್ಲಿ ಶೇ 11.15, ವಹಿವಾಟಿನಲ್ಲಿ ಶೇ 10.22.

ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಐದರಲ್ಲೊಂದು ಉದ್ಯಮ ಹೆಂಗಸರದು. ದುಡಿಯುವ ಕೈಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಯಂತ್ರಕ್ಕೆ, ಜಾಗಕ್ಕೆ ಹಾಕಿದ ಹಣಕ್ಕೆ ಬಂದರೆ ಪಾಲು ಅರ್ಧಕ್ಕೆ ಇಳಿಯುತ್ತದೆ, ಮಾರಿ ಬಂದ ಹಣದಲ್ಲೂ ಅರ್ಧವೇ. ಕೆಲಸ ಮಾಡುವವರು ಕಡಿಮೆಯಾಗಿ ಹೀಗಾಗಿಲ್ಲ. ಮಾಡಿದ ಕೆಲಸ ಅಗ್ಗಕ್ಕೆ ಹೋಗುತ್ತಿದೆ. ಇದಕ್ಕೂ ಹಿಂದಿನ ಆರನೇ ಆರ್ಥಿಕ ಗಣತಿ, ಅಂದರೆ 2013-14ರದ್ದು, ದೇಶದ ಒಟ್ಟು ಉದ್ದಿಮೆಗಳಲ್ಲಿ ಶೇ 13.76 ಮಹಿಳೆಯರ ಕೈಯಲ್ಲಿವೆ ಎಂದಿತ್ತು. ಅವುಗಳಲ್ಲಿ ಶೇ 79ರಷ್ಟು ಸ್ವಂತ ದುಡ್ಡಿನಲ್ಲೇ ನಡೆಯುತ್ತಿದ್ದವು. ಸ್ವಂತ ದುಡ್ಡು ಎಂದರೆ ಬಹುತೇಕ ಮನೆಯ ಉಳಿತಾಯ, ಇಲ್ಲವೇ ಕೊರಳಲ್ಲಿದ್ದದ್ದು.

ಒಂದು ದಿನದ ರೊಟ್ಟಿ

ಅಕ್ಕನ ನೋಟುಬುಕ್ಕನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಒಂದು ದಿನದ ಲೆಕ್ಕ ಹಾಕಿದೆವು. ಅಂಕಿಗಳು ಸುಮಾರು, ಗದಗಿನಲ್ಲಿ, ರಾಣೆಬೆನ್ನೂರಿನಲ್ಲಿ ಒಂದೆರಡು ರೂಪಾಯಿ ಆಚೀಚೆ ಆದೀತು.

ದಿನಕ್ಕೆ 150 ರೊಟ್ಟಿ. ಕಿಲೋ ಹಿಟ್ಟಿಗೆ 25 ರೊಟ್ಟಿಯಂತೆ 6 ಕಿಲೋ. ಒಳ್ಳೆಯ ಬಿಳಿಜೋಳ ಕಿಲೋಕ್ಕೆ 50 ಎಂದು ಹಿಡಿದರೆ 300 ರೂಪಾಯಿ. ಬೀಸಿಸಿದ್ದಕ್ಕೆ 36. ಗ್ಯಾಸು 90. ಖಡಕ್ ರೊಟ್ಟಿಗೆ ಗ್ಯಾಸು ಜಾಸ್ತಿ ಬೇಕು: ಹಂಚಿನ ಮೇಲೆ ಬೆಂದ ಮೇಲೂ ಸಣ್ಣ ಉರಿಯಲ್ಲಿ ನೀರಿನಂಶ ಪೂರ್ತಿ ಹೋಗುವ ತನಕ ಒತ್ತಿ ಒಣಗಿಸಬೇಕು, ಇಲ್ಲದಿದ್ದರೆ ನಾಲ್ಕು ದಿನಕ್ಕೆ ಬೂಸಲು ಬರುತ್ತದೆ. ಹತ್ತು ರೊಟ್ಟಿಯ ಹದಿನೈದು ಚೀಲಕ್ಕೆ 30. ಹೋಗಿಬರುವ ಆಟೋ 40. ಒಟ್ಟು 496. ಆರು ರೊಟ್ಟಿ ಒಡೆದವು ಎನ್ನಿ, ಉಳಿದ 144ನ್ನು ಅಂಗಡಿಯವರು ಒಂದಕ್ಕೆ 6ರಂತೆ ಒಯ್ಯುತ್ತಾರೆ: 864. ಖರ್ಚು ಕಳೆದರೆ 368 ರೂಪಾಯಿ.

"ದಿನಾ ಮುನ್ನೂರಾ ಅರವತ್ತು ಲಾಭ" ಅಂತ ಅಕ್ಕನಿಗೆ ಸಮಾಧಾನವಿತ್ತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳೆತ್ತಲು ಹೋದವರಿಗೆ ಇದಕ್ಕಿಂತ ಎರಡು ರೂಪಾಯಿ ಹೆಚ್ಚು ಸಿಗುತ್ತಿತ್ತು. ಅವರಿಗೆ ಜೋಳದ ರೇಟಿನ ಚಿಂತೆಯಿಲ್ಲ, ಉದ್ರಿಯ ಚಿಂತೆಯಿಲ್ಲ. ಅಂದರೆ ಈ ಧಂದೆಯಲ್ಲಿ ಲಾಭ ಎಂಬುದೇ ಇಲ್ಲ. ಅಕ್ಕ ಲಾಭ ಎಂದುಕೊಂಡದ್ದು ಅವರದೇ ಕೂಲಿ, ಅದೂ ಎರಡು ರೂಪಾಯಿ ಕಮ್ಮಿ.

ಇಲ್ಲಿಂದ ಮುಂದಿನದೆಲ್ಲ ಹುಟ್ಟುತ್ತದೆ. ಮದುವೆ ಸೀಜನ್ನಿನಲ್ಲಿ ಐನೂರು ರೊಟ್ಟಿಗೆ ಆರ್ಡರ್ ಬಂತು, ಒಬ್ಬಳನ್ನು ಕೆಲಸಕ್ಕೆ ಇಟ್ಟುಕೊಳ್ಳೋಣ ಎಂದರೆ ಅವಳಿಗೆ 370 ಕೊಡಬೇಕು, ಅವಳು ಬಡಿದ ರೊಟ್ಟಿಯಿಂದ ಉಳಿಯುವುದು 368. ಆಳು ಇಟ್ಟಷ್ಟೂ ಲುಕ್ಸಾನು. ಹಾಗಾಗಿ ಅಕ್ಕ ಆರ್ಡರ್ ಬಿಡುತ್ತಾರೆ, ಇಲ್ಲವೇ ರಾತ್ರಿಯೆಲ್ಲ ತಾವೇ ಬಡಿಯುತ್ತಾರೆ, ಇಲ್ಲವೇ ತಂಗಿಯನ್ನೋ ನಾದಿನಿಯನ್ನೋ ಕರೆದು ಒಂದು ಸೀರೆ ಕೊಟ್ಟು ಕಳಿಸುತ್ತಾರೆ. ಮಹಿಳೆಯರ ಉದ್ಯಮಗಳು ಯಾಕೆ ಒಬ್ಬರ ಎರಡು ಕೈಗಳಾಚೆ ಬೆಳೆಯುವುದಿಲ್ಲ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ಉತ್ತರಗಳನ್ನು ಕೇಳಿದ್ದೇನೆ: ಆತ್ಮವಿಶ್ವಾಸದ ಕೊರತೆ, ದೂರದೃಷ್ಟಿಯ ಕೊರತೆ ಇತ್ಯಾದಿ. ನನಗೆ ಕಾಣುವ ಉತ್ತರ ಇಷ್ಟೇ. ರೇಟು ಕಟ್ಟುವಾಗ ತನ್ನ ಕೂಲಿಯನ್ನು ಸೊನ್ನೆ ಎಂದು ಹಿಡಿದವರು, ಬೇರೆಯವರಿಗೆ ಕೂಲಿ ಕೊಡಬೇಕಾದ ದಿನ ಆ ರೇಟಿನಲ್ಲಿ ಸಿಕ್ಕಿಬೀಳುತ್ತಾರೆ.

ಅದೇ 144 ರೊಟ್ಟಿಯನ್ನು ತಿನ್ನುವವರಿಗೇ ನೇರ 8ರಂತೆ ಮಾರಿದರೆ 1,152. ಖರ್ಚು ಕಳೆದು 656, ಕೂಲಿ 370 ತೆಗೆದರೂ 286 ಉಳಿಯುತ್ತದೆ. ಅದು ನಿಜವಾದ ಲಾಭ. ಆದರೆ ದಿನಕ್ಕೆ 144 ರೊಟ್ಟಿ ಒಯ್ಯುವ ಮನೆಗಳನ್ನು ಹುಡುಕಲು ಹೊತ್ತು ಬೇಕು. ಅಕ್ಕನ ಹತ್ತಿರ ಇಲ್ಲದ್ದು ಅದು.

ವಾರದ ಕಂತು, ತಿಂಗಳ ಉದ್ರಿ

ಅಂಗಡಿಗೆ ಹಾಕಿದ ರೊಟ್ಟಿಯ ಹಣ ಅದೇ ದಿನ ಬರುವುದಿಲ್ಲ. "ಮಾರಿದ ಮ್ಯಾಲೆ ಕೊಡ್ತೀವ್ರಿ" ಎನ್ನುತ್ತಾರೆ. ಮಾರಿದ ಮೇಲೆ ಎಂದರೆ ಹದಿನೈದು ದಿನ, ಖಾನಾವಳಿಯಾದರೆ ತಿಂಗಳು. ಜೋಳದವನಿಗೆ ಮಾತ್ರ ಕೈಮೇಲೆ ರೊಕ್ಕ ಎಣಿಸಬೇಕು. ನಡುವಿನ ಕಂದಕ ತುಂಬಲಿಕ್ಕೆ ಬರುವುದು ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ. ಅದರ ಕಂತು ವಾರಕ್ಕೊಮ್ಮೆ. ಬರುವುದು ತಿಂಗಳಿಗೆ, ಹೋಗುವುದು ವಾರಕ್ಕೆ. ಮೂರನೇ ವಾರ ಇನ್ನೊಂದು ಸಂಘದಲ್ಲಿ ಸಾಲ ತೆಗೆದು ಮೊದಲ ಸಂಘದ ಕಂತು ಕಟ್ಟುವುದು, ಐದನೇ ತಿಂಗಳಿಗೆ ಮೂರನೆಯ ಸಂಘ. ಧಂದೆ ಕೆಟ್ಟು ಸಾಲ ಬೆಳೆಯಿತು ಎನ್ನುತ್ತಾರೆ ಜನ. ಧಂದೆ ನಡೆಯುತ್ತಿದ್ದಾಗಲೇ, ರೊಟ್ಟಿ ದಿನಾ ಖಾಲಿಯಾಗುತ್ತಿದ್ದಾಗಲೇ ಸಾಲ ಬೆಳೆದದ್ದನ್ನು ನಾನು ನೋಡಿದ್ದೇನೆ.

ಇದರ ಕೊನೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತೋರಿಸಿದರು. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಾಳಲಾರದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದರು. ಮರು ತಿಂಗಳೇ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಮನೆ ಬಾಗಿಲಲ್ಲಿ ಕೂತು ಬಯ್ಯುವುದು ನಿಲ್ಲಬೇಕಿತ್ತು, ಸರಿಯೇ. ಆದರೆ ಕಾಯ್ದೆ ವಸೂಲಿಯ ರೀತಿಯನ್ನು ತಿದ್ದುತ್ತದೆ. ವಾರಕ್ಕೂ ತಿಂಗಳಿಗೂ ನಡುವಿನ ಕಂದಕ ಹಾಗೇ ಇದೆ. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಹಣ ಸಾಲದ ಕಂತಿಗೇ ಹೋಗುವಂತೆ ಸಾಲ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆದಾಯ ಎಷ್ಟು ಎಂದು ಬರೆದುಕೊಳ್ಳುವವರು ಮಾತ್ರ ಸಾಲ ಕೊಡಲು ಬಂದವರೇ.

ಉದ್ರಿಯ ವಿಷಯದಲ್ಲಿ ಕಾನೂನು ಅಕ್ಕನ ಪರ ಇದೆ ಎಂದರೆ ಯಾರೂ ನಂಬುವುದಿಲ್ಲ. ಸಣ್ಣ ಉದ್ಯಮಗಳ ಅಭಿವೃದ್ಧಿಗೆಂದು ಮಾಡಿದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು 15 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆಗೂ ಇದನ್ನು ಗಂಟು ಹಾಕಿದರು: ಅವಧಿಯೊಳಗೆ ಹಣ ಕೊಡದ ಖರೀದಿದಾರ ಕೊಡುವ ತನಕ ಅದನ್ನು ಖರ್ಚು ಎಂದು ತೋರಿಸುವಂತಿಲ್ಲ. ಗೋಕುಲ ರಸ್ತೆಯ ಸೂಪರ್ ಮಾರ್ಕೆಟ್ಟಿನಂಥ ದೊಡ್ಡ ಗಿರಾಕಿಗಳ ಲೆಕ್ಕಿಗರು ಇದಕ್ಕೆ ಹೆದರುತ್ತಾರೆ. ಓಣಿಯ ಕಿರಾಣಿಯವರು ಹೆದರುವುದಿಲ್ಲ, ಯಾಕೆಂದರೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ರಿಟರ್ನ್ ಹಾಕುವವರಿಗೆ ಈ ಗಂಟು ತಾಗದು. ಆದ್ದರಿಂದ ದೊಡ್ಡ ಅಂಗಡಿಗೆ ಹಾಕುವವರು ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಬರೆಯಬೇಕು. ನೋಂದಣಿಗೆ ಪೈಸೆ ಖರ್ಚಿಲ್ಲ. (ನಮ್ಮಂಥವರು ಫಾರಂ ತುಂಬಿದ್ದಕ್ಕೆ ನೂರಿನ್ನೂರು ತೆಗೆದುಕೊಳ್ಳುತ್ತೇವೆ, ಅದು ಬೇರೆ ಮಾತು.) ಕಿರಾಣಿಯವರ ಹತ್ತಿರ ಕಾನೂನು ಮಾತಾಡಿದರೆ ನಾಳೆಯಿಂದ ಬೇರೆಯವರ ರೊಟ್ಟಿ ಬರುತ್ತದೆ. ಅಲ್ಲಿ ನಡೆಯುವುದು ಒಂದೇ ಉಪಾಯ, ಅದನ್ನು ಕಲಿಸಿದವರು ಗದಗ-ಬೆಟಗೇರಿಯ ಚಟ್ನಿಪುಡಿ ಮಾರುವ ಹೆಂಗಸೊಬ್ಬರು: ಹಳೇ ಮಾಲಿನ ರೊಕ್ಕ ಕೊಟ್ಟರೆ ಹೊಸ ಮಾಲು ಕೆಳಗಿಳಿಯುತ್ತದೆ, ಇಲ್ಲದಿದ್ದರೆ ಬುಟ್ಟಿ ತಲೆಯ ಮೇಲೆಯೇ ಇರುತ್ತದೆ. "ಕೆಳಗ ಇಟ್ಟಮ್ಯಾಲೆ ಮಾತಾಡಾಕ ಬರೂದಿಲ್ರಿ" ಎಂದಿದ್ದರು ಅವರು. ಅವರು ಐದು ಅಂಗಡಿ ಕಳೆದುಕೊಂಡರು, ಒಂಬತ್ತು ಉಳಿಸಿಕೊಂಡರು. ಸಂಘದ ಎರಡನೇ ಸಾಲ ತೆಗೆಯುವ ಪ್ರಸಂಗ ಆಮೇಲೆ ಬಂದಿಲ್ಲ.

ಯಾರ ಹೆಸರಿಗೆ

ರೊಟ್ಟಿ ಅಕ್ಕ ನೋಂದಣಿ ಮಾಡಿಸಿಕೊಂಡು ಹೋದ ಮರು ತಿಂಗಳೇ ರಾಜ್ಯದಲ್ಲೆಲ್ಲ ಗದ್ದಲ ಎದ್ದಿತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯಲ್ಲಿ ತರಕಾರಿ ಮಾರುವವರಿಗೂ ನೋಟಿಸ್ ಹೋದದ್ದು ಸುದ್ದಿಯಾಯಿತು. ಅಂಗಡಿಗಳ ಮುಂದಿನ ಕ್ಯೂಆರ್ ಹಲಗೆಗಳು ಮಾಯವಾಗಿ "ನಗದು ಮಾತ್ರ" ಎಂಬ ಚೀಟಿ ಬಂದವು. ಅಕ್ಕನೂ ಓಡಿ ಬಂದರು, ಹಲಗೆ ಕಿತ್ತು ಹಾಕಲೇನು ಎಂದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ. ದಿನಕ್ಕೆ 864ರಂತೆ 300 ದಿನ ಮಾರಿದರೂ ಅಕ್ಕನ ವಹಿವಾಟು 2 ಲಕ್ಷ 60 ಸಾವಿರದ ಸುತ್ತಮುತ್ತ. ಹಪ್ಪಳಕ್ಕೆ ಮೊದಲಿನಿಂದಲೂ ಜಿಎಸ್‌ಟಿ ಇಲ್ಲ. ರೊಟ್ಟಿ-ಚಪಾತಿಗೆ ಇದ್ದ ಶೇ 5ನ್ನೂ ಆ ವರ್ಷದ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದರು. ಅಕ್ಕನಿಗೆ ಹೆದರುವ ಕಾರಣವೇ ಇರಲಿಲ್ಲ.

ಸಮಾಧಾನ ಹೇಳಿ, ಪರೀಕ್ಷೆಗೆಂದು ನನ್ನ ಫೋನಿನಲ್ಲಿ ಅವರ ಹಲಗೆಯ ಫೋಟೊ ಸ್ಕ್ಯಾನ್ ಮಾಡಿದೆ. ಬಂದದ್ದು ಅವರ ಯಜಮಾನರ ಹೆಸರು.

ತೆರಿಗೆಗಿಂತ ದೊಡ್ಡ ಸಮಸ್ಯೆ ಇಲ್ಲಿದೆ. ನಾಲ್ಕು ವರ್ಷ ದಿನಾ ಬಂದ ಹಣವೆಲ್ಲ ಗಂಡನ ಖಾತೆಯಲ್ಲಿ. ನಾಳೆ ಹಿಟ್ಟು ನಾದುವ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಅಕ್ಕನ ಪಾಸ್‌ಬುಕ್ಕಿನಲ್ಲಿ ಕಾಣುವುದು ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, ಅದನ್ನು ತೆಗೆದದ್ದು. ಅಷ್ಟೇ. ಬ್ಯಾಂಕಿನ ಕಣ್ಣಿಗೆ ಅವರಿಗೆ ಧಂದೆಯೇ ಇಲ್ಲ. 10 ಲಕ್ಷದವರೆಗಿನ ಮುದ್ರಾ ಸಾಲಕ್ಕೆ ಅಡಮಾನ ಬೇಡ ಎಂಬ ನಿಯಮ 2015ರಿಂದ ಇದೆ; ಆದರೂ ನಾನು ಜೊತೆಗೆ ಹೋದ ಒಂದು ಶಾಖೆಯಲ್ಲಿ ಮ್ಯಾನೇಜರರು ಕೇಳಿದ ಮೊದಲ ಪ್ರಶ್ನೆ "ಮನಿ ಯಾರ ಹೆಸರಿಗೆ ಐತಿ?" ಮನೆ ಮಾವನ ಹೆಸರಿಗೆ ಇತ್ತು. ಎರಡನೇ ಪ್ರಶ್ನೆ ಬರಲೇ ಇಲ್ಲ.

ಇದರ ತಿರುವು ಮುರುವು ಕೂಡ ಉಂಟು. ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯಲ್ಲಿ ಹಳ್ಳಿಯ ಮಹಿಳೆಗೆ ಶೇ 35 ಸಹಾಯಧನ, ಸ್ವಂತ ಪಾಲು ಶೇ 5 ಸಾಕು. ರಾಜ್ಯದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ-ಪಂಗಡದವರಿಗೆ ಅರ್ಧ, ಉಳಿದವರಿಗೆ ಶೇ 30 ಸಬ್ಸಿಡಿ. ಹೀಗಾಗಿ ಸಬ್ಸಿಡಿಗೆಂದು ಹೆಂಡತಿಯ ಹೆಸರಿನಲ್ಲಿ ಗಂಡ ನಡೆಸುವ ಫ್ಯಾಬ್ರಿಕೇಷನ್ ಶೆಡ್ಡುಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಹೆಂಡತಿ ಮಾಡುವ ಧಂದೆಯ ರೊಕ್ಕ ಗಂಡನ ಹೆಸರಿಗೆ, ಗಂಡ ಮಾಡುವ ಧಂದೆಯ ಸಾಲ ಹೆಂಡತಿಯ ಹೆಸರಿಗೆ. ಮೇಲೆ ಹೇಳಿದ ಶೇ 20.5ರಲ್ಲಿ ಇಂಥವು ಎಷ್ಟಿದ್ದಾವು ಎಂದು ನನ್ನ ಕಸುಬಿನವರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ಕಸೂತಿಯಲ್ಲಿ ಬೇರೆ ಥರದ ಹೆಸರಿನ ಪ್ರಶ್ನೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆ, ಬಟ್ಟೆಯ ಮೇಲೆ ಗೆರೆ ಎಳೆಯದೆ ನೂಲಿನ ಎಳೆ ಎಣಿಸಿ ಹಾಕಬೇಕು. ಹಿಂದೆ ಗಂಟು ಕಾಣಬಾರದು. ಗವಂತಿಯಲ್ಲಂತೂ ಒಳಗೂ ಹೊರಗೂ ಒಂದೇ ಚಿತ್ರ ಬರುತ್ತದೆ. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಗೋಪುರದ ಕಳಸ ವಾಲುತ್ತದೆ, ಬಿಚ್ಚಿ ಮತ್ತೆ ಮೊದಲಿನಿಂದ. ಭೌಗೋಳಿಕ ಗುರುತಿನ ಮುದ್ರೆ ಇದೆ, ಬೆಂಗಳೂರಿನ ಮಳಿಗೆಗಳಲ್ಲಿ ಸಾವಿರಗಟ್ಟಲೆ ಬೆಲೆಯೂ ಇದೆ. ಧಾರವಾಡದಲ್ಲಿ ಕೂತು ಹಾಕುವ ಹೆಂಗಸಿಗೆ ಸಿಗುವುದು ಸೀರೆಗಿಷ್ಟು ಎಂಬ ಗುತ್ತಿಗೆ ಕೂಲಿ, ಸೀರೆ ಮುಗಿಯಲು ತಿಂಗಳು ಹಿಡಿದರೂ ಅಷ್ಟೇ. ಸೀರೆ ಉಟ್ಟವರ ಹೆಸರು, ಊರು ಆಕೆಗೆ ಗೊತ್ತಿರುವುದಿಲ್ಲ. ಗಿರಾಕಿ ಯಾರೆಂದು ಗೊತ್ತಿಲ್ಲದ ಮೇಲೆ ಎರಡನೇ ಸೀರೆಯನ್ನೂ ಅದೇ ಗುತ್ತಿಗೆದಾರನೇ ತಂದುಕೊಡಬೇಕು. ಈಗ ಕೆಲವು ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿ ಕುಪ್ಪಸದ ತೋಳು, ದುಪಟ್ಟಾ, ಕಿವಿಯೋಲೆಯಂಥ ಸಣ್ಣ ತುಣುಕುಗಳನ್ನು ನೇರ ಮಾರುತ್ತಿದ್ದಾರೆ. ಸಣ್ಣದಾದ್ದರಿಂದ ಎರಡೇ ದಿನಕ್ಕೆ ಮುಗಿಯುತ್ತದೆ, ಹಣವೂ ಎರಡೇ ದಿನಕ್ಕೆ. ಇಡೀ ಸೀರೆಯ ಕಲೆ ಇದರಿಂದ ಉಳಿದೀತೇ ಎಂದು ಹಿರಿಯರು ಕೊರಗುತ್ತಾರೆ. ಆ ಕೊರಗಿಗೆ ಕಾರಣ ಇಲ್ಲದಿಲ್ಲ. ಆದರೆ ಹುಡುಗಿಯ ಫೋನಿನಲ್ಲಿ ಗಿರಾಕಿಯ ನಂಬರ್ ಇದೆ, ಅವರಜ್ಜಿಯ ಹತ್ತಿರ ಅದಿರಲಿಲ್ಲ.

ತೀರ್ಥದ ಸಾವೆ, ಬ್ಯಾಡಗಿಯ ಮೆಣಸಿನಕಾಯಿ

ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ದೊಡ್ಡ ಇನ್‌ಕ್ಯುಬೇಟರ್ ಇದೆ. ಆ್ಯಪ್ ಕಟ್ಟುವವರಿಗೆ, ಯಂತ್ರ ಮಾಡುವವರಿಗೆ ಒಳ್ಳೆಯ ಆಸರೆ. ಅಲ್ಲಿಗೆ ರೊಟ್ಟಿ ಅಕ್ಕ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಅವರಿಗೆ ಹತ್ತಿರವಾದ ಪಾಠ ಕುಂದಗೋಳ ತಾಲ್ಲೂಕಿನ ತೀರ್ಥ ಎಂಬ ಸಣ್ಣ ಹಳ್ಳಿಯಲ್ಲಿದೆ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಜಗತ್ತಿನ ಹತ್ತು ಸಂಘಗಳಲ್ಲಿ ಇದೊಂದು, ಬಹುಮಾನ 10,000 ಡಾಲರ್. ಪತ್ರಿಕೆಗಳು ಸಿರಿಧಾನ್ಯ, ಬೀಜ ಬ್ಯಾಂಕ್, ಹವಾಮಾನ ಎಂದೆಲ್ಲ ಬರೆದವು. ನನ್ನ ಲೆಕ್ಕದ ಕಣ್ಣಿಗೆ ಬಿದ್ದದ್ದು ಅವರ ಸಂಸ್ಕರಣಾ ಘಟಕ.

ಸಾವೆಯ ಸಿಪ್ಪೆ ತೆಗೆಯುವುದು ಸುಲಭದ ಕೆಲಸವಲ್ಲ. ಕಾಳು ಸಣ್ಣದು, ಹೊಟ್ಟು ಅಂಟಿಕೊಂಡಿರುತ್ತದೆ. ಹಿಂದೆ ಬೀಸುಕಲ್ಲಿನಲ್ಲಿ ಒಡೆದು, ಕೇರಿ, ಮತ್ತೆ ಕುಟ್ಟಿ, ಹೀಗೆ ಹೆಂಗಸರ ಅರ್ಧ ದಿನ ಹೋಗುತ್ತಿತ್ತು. ಆ ದಣಿವಿಗೇ ಎಷ್ಟೋ ಮನೆಗಳು ಸಾವೆ ಉಣ್ಣುವುದನ್ನು ಬಿಟ್ಟವು, ಸಿಪ್ಪೆ ಸಹಿತ ಬಂದ ಬೆಲೆಗೆ ಮಾರಿದವು. ತೀರ್ಥದ ಹೆಂಗಸರು ಸಹಜ ಸಮೃದ್ಧ, ಸೆಲ್ಕೋ ಪ್ರತಿಷ್ಠಾನ, ಹೈದರಾಬಾದಿನ ಸಿರಿಧಾನ್ಯ ಸಂಶೋಧನಾ ಸಂಸ್ಥೆಯ ಬೆಂಬಲದಿಂದ ಊರಲ್ಲೇ ಸೌರಶಕ್ತಿಯ ಯಂತ್ರ ಹೂಡಿದರು. ಯಂತ್ರ ಒಬ್ಬರದಲ್ಲ, ಸಂಘದ್ದು. ಒಬ್ಬೊಬ್ಬರೇ ಕೊಳ್ಳಲಾಗದ್ದನ್ನು ಕೂಡಿ ಇಟ್ಟುಕೊಂಡು, ಅದರಿಂದ ಉಳಿದ ಹೊತ್ತನ್ನು ಮಾರುಕಟ್ಟೆ ಹುಡುಕಲು ಬಳಸಿದರು. ರೊಟ್ಟಿ ಅಕ್ಕನ ಬಳಿ ಇಲ್ಲದ ಹೊತ್ತು ಇವರಿಗೆ ಸಿಕ್ಕಿದ್ದು ಹೀಗೆ. ಜೊತೆಗೆ ಯಾರ ಮನೆಯ ಎಷ್ಟು ಕಾಳು, ಯಾರು ಎಷ್ಟು ದಿನ ದುಡಿದರು ಎಂಬ ಲೆಕ್ಕ ಸಂಘಕ್ಕೆ ಬೇಕೇ ಬೇಕು. "ಮನ್ಯಾಗ ಇರ್ತೀನಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒಬ್ಬಳೇ ದುಡಿದರೆ ಮರೆತುಬಿಡುವ ಕೂಲಿ ನಾಲ್ಕು ಜನ ಕೂಡಿದಾಗ ತಾನಾಗಿ ಪುಸ್ತಕಕ್ಕೆ ಏರುತ್ತದೆ.

ಕೂಡಿ ಮಾಡುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಈಗ ಆಹಾರ ತಯಾರಿಸುವ ಸ್ವಸಹಾಯ ಸಂಘಗಳಿಗೆ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಪ್ರತಿ ಸದಸ್ಯೆಗೆ 40,000 ರೂಪಾಯಿಯವರೆಗೆ ಆರಂಭಿಕ ಬಂಡವಾಳ, ಘಟಕ ಹಾಕುವವರಿಗೆ ಶೇ 35 ಸಹಾಯಧನ, ರಾಜ್ಯದ್ದು ಅದರ ಮೇಲೆ ಶೇ 15 ಎಂದು ಇಟ್ಟಿದ್ದಾರೆ. ಅರ್ಜಿ ಹಾಕುವ ಮೊದಲು ಯಾರಾದರೂ ಆ 496ರ ಪಟ್ಟಿಯಲ್ಲಿ ಕೂಲಿ ಸೇರಿಸಿ ರೇಟು ಕಟ್ಟಲು ಕಲಿಸಿದರೆ ಸಾಕಿತ್ತು. ತರಬೇತಿ ಎಂದರೆ ಇನ್ನೂ ಉಪ್ಪಿನಕಾಯಿ ಹಾಕುವುದನ್ನೇ ಕಲಿಸುತ್ತಾರೆ. ಉಪ್ಪಿನಕಾಯಿ ಹಾಕಲು ನಮ್ಮ ಹೆಂಗಸರಿಗೆ ಕಲಿಸಬೇಕೆ?

ಒಂದೇ ಮಾಲು, ಒಂದೇ ಗಿರಾಕಿಯನ್ನು ನಂಬಿದರೆ ಕೂಡಿ ದುಡಿದರೂ ಪೆಟ್ಟು ತಪ್ಪದು. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರು ಬಹುತೇಕ ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಅನುಮತಿ ಕೊಟ್ಟರು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವ, ಮನೆಮನೆಯಲ್ಲಿ ಬಾವುಟ. ಜೀವಮಾನದ ಆರ್ಡರ್ ಬರಬೇಕಿದ್ದ ವರ್ಷದಲ್ಲೇ ಬೆಂಗೇರಿಯವರು ಪ್ರತಿಭಟನೆಗೆ ಕೂರಬೇಕಾಯಿತು.

ಬ್ಯಾಡಗಿಯದು ಋತುವಿನ ಪಾಠ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಪೇಟೆಯಲ್ಲಿ ತೊಟ್ಟು ಬಿಡಿಸುವ ಕೂಲಿ ಹೆಂಗಸರದು, ದಲಾಲಿ ಅಂಗಡಿ ಗಂಡಸರದು. ಮಸಾಲೆ ಪುಡಿ ಮಾಡುವವರು ವರ್ಷದ ಕಾಯಿಯನ್ನು ಜನವರಿಯಿಂದ ಮಾರ್ಚ್ ಒಳಗೆ ಕೊಂಡು ಶೀತಲಗೃಹದಲ್ಲಿ ಇಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹೇಳಿದ ರೇಟು, ಬಣ್ಣ ಇಳಿದ ಮಾಲು. ಮೂರು ತಿಂಗಳಲ್ಲಿ ವರ್ಷದ ಬಂಡವಾಳ ಹಾಕುವುದು ಸಂಘದ ಸಾಲದಿಂದ ಆಗದ ಮಾತು. ಆ ರೇಟಾದರೂ ಎಂಥದು! 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ರಾಣೆಬೆನ್ನೂರಿನ ಕಡೆಯ ಒಬ್ಬ ಚಟ್ನಿಪುಡಿಯವರು ಈಗ ಸುಗ್ಗಿಗೆ ಮೊದಲೇ ಹಳೆಯ ಗಿರಾಕಿಗಳಿಂದ ಮುಂಗಡ ತೆಗೆದುಕೊಳ್ಳುತ್ತಾರೆ, ವರ್ಷಕ್ಕೆ ಇಷ್ಟು ಕಿಲೋ ಎಂದು ಮಾತಾಡಿಕೊಂಡು. ಬಡ್ಡಿ ಇಲ್ಲದ ಸಾಲ ಅದು. ಗಿರಾಕಿಗೂ ಹಳೇ ರೇಟಿನ ಪುಡಿ.

ನೇರ ಮಾರುವ ವಿಷಯದಲ್ಲಿ ಸರ್ಕಾರ ಮಾಡಿದ ಒಂದು ಸಹಾಯವನ್ನು ಇಲ್ಲಿ ಹೇಳಬೇಕು. 2023ರ ಜೂನ್ 11ರಿಂದ ಬಸ್ಸು ಪುಕ್ಕಟೆಯಾದ ಮೇಲೆ ಲಕ್ಷ್ಮೇಶ್ವರದ, ಅಣ್ಣಿಗೇರಿಯ ಹೆಂಗಸರು ಬುಟ್ಟಿ ಸಮೇತ ಹುಬ್ಬಳ್ಳಿ ಸಂತೆಗೆ ಬಂದು, ಮಾರಿ, ಸಂಜೆ ಬಸ್ಸಿಗೆ ತಿರುಗುತ್ತಾರೆ. ಆಟೋದ ಆ 40 ರೂಪಾಯಿ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಅಂಗಡಿಯವರ ನಡುವಣ ಎರಡು ರೂಪಾಯಿಯೂ ಉಳಿಯುತ್ತದೆ. ಸೀಟಿನ ಜಗಳದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ನಾನು ಬಿಡುತ್ತೇನೆ.

ದೀಪಾವಳಿ ಮುಗಿದ ಮೇಲೆ ರೊಟ್ಟಿ ಅಕ್ಕ ಮತ್ತೆ ಬಂದಿದ್ದರು. ತಮ್ಮ ಹೆಸರಿನ ಕ್ಯೂಆರ್ ಹಲಗೆ ಮಾಡಿಸಿದ್ದರು. ಯಜಮಾನರು ಎರಡು ದಿನ ಮಾತಾಡಲಿಲ್ಲವಂತೆ, ಮೂರನೇ ದಿನ ತಾವೇ ಅದನ್ನು ಬಾಗಿಲಿಗೆ ಮೊಳೆ ಹೊಡೆದರಂತೆ. ಅಂಗಡಿ ರೇಟು 7 ಮಾಡಿದ್ದಕ್ಕೆ ಒಬ್ಬರು ಬಿಟ್ಟರು, ಉಳಿದವರು ಗೊಣಗಿ ಒಪ್ಪಿದರು. ನೋಟುಬುಕ್ ಹೊಸದು. ಜೋಳ, ಗಿರಣಿ, ಗ್ಯಾಸು, ಚೀಲ, ಆಟೋ, ಒಡೆದದ್ದು. ಕೊನೆಗೆ ಬೇರೆ ಬಣ್ಣದ ಪೆನ್ನಿನಲ್ಲಿ ಒಂದು ಸಾಲು: ನಂದು, 300.

"370 ಅಂತ ಹೇಳಿದ್ನೆಲ್ರಿ ಅಕ್ಕಾರ?"

"ಮೊದಲನೇ ಸಲ ಅಲ್ಲೇನ್ರಿ," ಎಂದರು ಅಕ್ಕ. "ಅಷ್ಟು ಬರ್ಯಾಕ ಭಾಳ ಅನ್ಸಿತು."